ಒರಟು ನುಡಿಯೂ ಪರುಷ ನುಡಿಯೂ

ಪಾಠಶಾಲೆಗಳಲ್ಲಿ 'ಪರುಷ' ಎಂಬ ವಿಶೇಷಣಕ್ಕೆ 'ಒರಟು' ಎಂದು ಅರ್ಥ ಬರೆಯಿಸುವುದು ಬಹುಕಾಲದ ರೂಢಿ. ಬಾಲಕರು ಅದನ್ನು ಕಂಠಪಾಠ ಮಾಡಿ ಒಪ್ಪಿಸುವರು. ದೊಡ್ಡವರಾದ ಮೇಲೆ ಹಳ್ಳಿಯವನ ಮಾತು ಒರಟು, ಒರಟಾದುದರಿಂದ ಪರುಷ, ಪರುಷವಾದುದರಿಂದ ಹೇಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವರು. ಈ ಶಬ್ದಗಳ ಪೂರ್ವೋತ್ತರವನ್ನು ವಿಚಾರಿಸಿದರೆ ಮೊದಲನೆಯ ಮೆಟ್ಟಿಲೇ ಭದ್ರವಾಗಿಲ್ಲವೆಂಬುದು ಗೋಚರವಾಗುವುದು.

'ಪರುಸ್' ಎಂದರೆ ಗೆಣ್ಣು, ಗಂಟು. ಬಿದಿರು ಬೆತ್ತಗಳ ಗಂಟಿನಂತೆ ಕೈಗೆ ತೊಡರುವುದು 'ಪರುಷ'. ವೇದಕಾಲದಲ್ಲಿ ಸ್ಪರ್ಶಕ್ಕೆ ಸಂಬಂಧಿಸಿದ್ದ ಈ ಶಬ್ದವು ಕ್ರಮೇಣ ಕಿವಿಗೂ ಆಮೇಲೆ ಮನಸ್ಸಿಗೂ ಸಲ್ಲತೊಡಗಿತು. 'ರೂಕ್ಷ', 'ಖರ' ಎಂಬವುಗಳ ಗತಿಯೂ ಇದೇ. ವೈದ್ಯಶಾಸ್ತ್ರದಲ್ಲಿ ಇವೆರಡೂ ವಾತದ ಗುಣಗಳೇ ಹೊರತು ದೂಷಣೆಗಳಲ್ಲ. ಕನ್ನಡದಲ್ಲಿ 'ಪರುಷ'ಕ್ಕೆ ಇನ್ನೊಂದು ವಿಚಿತ್ರವಾದ ಅವಸ್ಥೆ ಒದಗಿತು. 'ಸ್ಪರ್ಶ' ಶಬ್ದವೇ ತದ್ಭವವಾಗಿ 'ಪರುಷ'ವೆನಿಸಿ, ಮುಟ್ಟಿದ ಕಬ್ಬಿಣವನ್ನು ಹೊನ್ನು ಮಾಡುವ ಮಣಿಗೆ ಹೆಸರಾಯಿತು. ವಚನಕಾರರ ಬಾಯಲ್ಲಿ ಪರುಷವೆಂದರೆ ಈ ಮಣಿಯೇ. ಹೀಗೆ ಹೊನ್ನು ಮಾಡುವ ಕಲ್ಲು ಮನೆಯೊಳಗೆ ಬಂದು ಕುಳಿತಮೇಲೆ ಸಂಸ್ಕೃತದ ಪರುಷವು ಪುರಾಣದ ಹಲಗೆಯ ಮೇಲೆಯೇ ಉಳಿಯಬೇಕಾಯಿತು.

ಮನೆಮಾತಿಗೆ ಅದರ ಕೊರತೆಯೇನೂ ಆಗಲಿಲ್ಲ. ಕನ್ನಡದ ಗೃಹಿಣಿ ಹಿಟ್ಟು ತರಿಯಾಗಿದೆ ಎನ್ನುವಳು, ರೊಟ್ಟಿ ಬಿರುಸಾಯಿತು ಎನ್ನುವಳು, ಬಾವಿಯ ನೀರು ಗಡಸು ಎನ್ನುವಳು, ಸೀರೆ ಒರಟು ಎನ್ನುವಳು. ಇವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಅಡುಗೆಯ ಮನೆಯಲ್ಲಿ ನಗೆಯೇಳುವುದು. ನಿಘಂಟುಕಾರನಿಗೆ ಪರ್ಯಾಯವೆಂದು ತೋರುವುದು ಬಳಸುವವರಿಗೆ ಪರ್ಯಾಯವಲ್ಲ. ಒರಟು ಬಟ್ಟೆ, ಒರಟು ಕಲ್ಲು, ನೇಗಿಲು ಹಿಡಿದು ಒರಟಾದ ಅಂಗೈ, ಇವೆಲ್ಲ ನಯಮಾಡದೆ ಇದ್ದ, ಅಥವಾ ದುಡಿದು ನಯವನ್ನು ಕಳೆದುಕೊಂಡ ವಸ್ತುಗಳು. ಅವು ಯಾರನ್ನೂ ನೋಯಿಸಲು ಹೊರಟವಲ್ಲ. ತೆಲುಗಿನ 'ಮೊರಟು', ತಮಿಳಿನ 'ಮುರಡು' ಇದೇ ಭಾವದವು. ಕರಾವಳಿಯಲ್ಲಿ ಮಾತ್ರ 'ಉರುಟು' ಎಂದರೆ ದುಂಡಗಿನದು. ಘಟ್ಟದ ಮೇಲಿನ ಅಳಿಯನು ಅತ್ತೆಯ ಮನೆಯ ಉರುಟು ಪಾತ್ರೆಯನ್ನು ಒರಟೆಂದು ತಿಳಿದರೆ ಅದು ಕಿವಿಯ ತಪ್ಪು.

ಕೋಶಕಾರನಾದ ಅಮರಸಿಂಹನೂ ಇವನ್ನು ಕಲಸಲಿಲ್ಲ. ಕಠಿನ, ಕ್ರೂರ, ಕಠೋರ, ನಿಷ್ಠುರ, ದೃಢ, ಇವನ್ನು ಅವನು ಗಟ್ಟಿಯಾದ ವಸ್ತುವಿಗೆ ಒಂದೇ ಸಾಲಿನಲ್ಲಿ ಹೇಳಿದನು. ಇಂದು ದೃಢನೆಂದರೆ ಹಿಗ್ಗುವವನು ಕ್ರೂರನೆಂದರೆ ಜಗಳಕ್ಕೆ ನಿಲ್ಲುವನು! ಮಾತಿನ ಪ್ರಕರಣದಲ್ಲಿ ನಿಷ್ಠುರ ಪರುಷಗಳನ್ನು ಒಂದು ಜೊತೆಯಾಗಿಯೂ, ಗ್ರಾಮ್ಯ ಅಶ್ಲೀಲಗಳನ್ನು ಇನ್ನೊಂದು ಜೊತೆಯಾಗಿಯೂ ಇರಿಸಿದನು. ಗ್ರಾಮ್ಯಕ್ಕೆ ಅಶ್ಲೀಲದ ನೆರೆ ಕೊಟ್ಟುದು ಹಳ್ಳಿಗೆ ಗೌರವವಲ್ಲ, ನಿಜ. ಆದರೂ ಗ್ರಾಮ್ಯವೇ ಪರುಷವೆಂದು ಅವನು ಹೇಳಲಿಲ್ಲ. ಕಾಶ್ಮೀರದ ಉದ್ಭಟನು ಅನುಪ್ರಾಸದ ವೃತ್ತಿಗಳನ್ನು ವಿಭಾಗಿಸುವಾಗ ಪರುಷೆಯನ್ನೂ ಗ್ರಾಮ್ಯೆಯನ್ನೂ ಬೇರೆಬೇರೆಯಾಗಿ ಎಣಿಸಿದನು. ಆ ಗ್ರಾಮ್ಯೆಗೆ ಅಲಂಕಾರಿಕರು ಇಟ್ಟ ಇನ್ನೊಂದು ಹೆಸರು ಕೋಮಲೆ. ನಿಷ್ಠುರವು ಕನ್ನಡಕ್ಕೆ ಬಂದು ಇಬ್ಬರ ನಡುವಿನ ಮನಸ್ತಾಪವಾಯಿತು. ಅಂತ್ಯನಿಷ್ಠುರಕ್ಕಿಂತ ಆದಿನಿಷ್ಠುರ ಲೇಸೆಂಬ ಗಾದೆಯಲ್ಲಿ ಗಟ್ಟಿತನದ ಅರ್ಥವು ಲೇಶವೂ ಉಳಿದಿಲ್ಲ.

ಈ ಭೇದವನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ತೂಗಿದವರು ಕವಿಗಳಲ್ಲ, ಧರ್ಮಾಸನದವರು. 'ವಾಕ್ಪಾರುಷ್ಯ'ವು ಪ್ರಾಚೀನ ನ್ಯಾಯಶಾಸ್ತ್ರದಲ್ಲಿ ಒಂದು ವ್ಯವಹಾರಪದ. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿದ್ದ ತಾಳೆಯೋಲೆಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಶರೀರ, ಸ್ವಭಾವ, ವಿದ್ಯೆ, ವೃತ್ತಿ, ದೇಶ, ಈ ಐದನ್ನು ಹಳಿಯುವುದು ಅಲ್ಲಿ ಅಪರಾಧ. ಒಕ್ಕಣ್ಣನನ್ನು ಒಕ್ಕಣ್ಣನೆಂದೂ ಕುಂಟನನ್ನು ಕುಂಟನೆಂದೂ ಕರೆದರೆ, ಮಾತು ಸತ್ಯವಾಗಿದ್ದರೂ 3 ಪಣ ದಂಡ. ಸುಳ್ಳಾದರೆ 6 ಪಣ. ಅದೇ ಒಕ್ಕಣ್ಣನನ್ನು ಕುರಿತು ನಿನ್ನ ಕಣ್ಣುಗಳು ಎಷ್ಟು ಚೆಲುವಾಗಿವೆ ಎಂದು ಸ್ತುತಿಯ ಸೋಗಿನಲ್ಲಿ ನಿಂದಿಸಿದರೆ 12 ಪಣ. ಒರಟಾಗಿ ಆಡಿದವನಿಗಿಂತ ನುಣುಪಾಗಿ ಆಡಿದವನೇ ನಾಲ್ಮಡಿ ತೆರಬೇಕು. ಎಚ್ಚರದಪ್ಪಿ, ಅಮಲಿನಲ್ಲಿ, ಇಲ್ಲವೆ ಮೋಹದಿಂದ ಬಾಯಿ ಜಾರಿದವನಿಗೆ ಅರ್ಧದಂಡ. ಆಡಿದವನ ಬಗೆಯನ್ನು ನೋಡಬೇಕಲ್ಲದೆ ಅಕ್ಷರಗಳ ಗಡಸನ್ನಲ್ಲ ಎಂಬುದು ಇದರ ತಾತ್ಪರ್ಯ. ಮೇಲಿನವರನ್ನು ಬೈದರೆ ಇಮ್ಮಡಿ, ಕೆಳಗಿನವರನ್ನು ಬೈದರೆ ಅರ್ಧ ಎಂಬ ವಿಧಿಯೂ ಅಲ್ಲಿದೆ. ಅದನ್ನು ಇಂದು ಒಪ್ಪಲಾಗದು. ಒಕ್ಕಣ್ಣನ ಮೊಕದ್ದಮೆಯಲ್ಲಿ ಕಾಣುವ ವಿವೇಚನೆ ಮಾತ್ರ ಇಂದಿಗೂ ಹಳೆಯದೆನಿಸುವುದಿಲ್ಲ.

ಕನ್ನಡನಾಡಿನ ಹಳೆಯ ಲಕ್ಷಣಗ್ರಂಥವೂ ಊರಿನ ನುಡಿಯನ್ನು ಪರುಷವೆನ್ನಲಿಲ್ಲ. ಸುಮಾರು 850ರ 'ಕವಿರಾಜಮಾರ್ಗ'ವು ಓದುಬರಹವಿಲ್ಲದವರೂ ಕಾವ್ಯದಲ್ಲಿ ನಿಪುಣರೆಂದು ನಾಡವರನ್ನು ಕೊಂಡಾಡುವುದು. ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷವನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾಗುವುದೆನ್ನುವುದು. ಸಾವಿರ ನಾಲಗೆಯವನೇ ಕೈಬಿಟ್ಟ ಕೆಲಸವನ್ನು, ಪಟ್ಟಣದಲ್ಲಿ ನಾಲ್ಕು ವರ್ಷ ಓದಿ ಊರಿಗೆ ಮರಳಿದ ಹುಡುಗನು ಜಗಲಿಯ ಮೇಲೆ ಕುಳಿತು ಕೈಗೊಳ್ಳುವನು. ಅವ್ವನು ಆಡಿದ ಮಾತಿಗೆ ನಕ್ಕು, ನಮ್ಮ ಊರಿನ ಭಾಷೆಯೇ ಒರಟು ಎನ್ನುವನು. ಅವ್ವನು ಮುಂದಿನ ಸಲ ಅವನ ಗೆಳೆಯರೆದುರು ಬಾಯಿ ತೆರೆಯುವುದಿಲ್ಲ. ತಟ್ಟೆಯಿಟ್ಟು ಒಳಕ್ಕೆ ಹೋಗುವಳು.

ಅರ್ಥಶಾಸ್ತ್ರದ ಆ ಅಧ್ಯಾಯವು ಮುಗಿಯುವ ಶ್ಲೋಕದಲ್ಲಿ, ಸ್ವದೇಶವನ್ನೂ ಸ್ವಗ್ರಾಮವನ್ನೂ ನಿಂದಿಸಿದವನಿಗೆ ಪೂರ್ವಸಾಹಸದಂಡವನ್ನು ವಿಧಿಸಿದೆ. ಅದರ ಮೊತ್ತವು 48ರಿಂದ 96 ಪಣ. ಹುಡುಗನು ಬುದ್ಧಿಪೂರ್ವಕವಾಗಿ ಆಡಲಿಲ್ಲ, ಪ್ರಮಾದದಿಂದ ಆಡಿದನು ಎಂದು ಅವ್ವನೇ ಬಂದು ಸಾಕ್ಷಿ ನುಡಿದರೆ, ಅರ್ಧ.