ಏಕಸರದ ವೀರಗಲ್ಲುಗಳು ಮತ್ತು ಬಾಣದ ಕೋಲು

ಮುಂಬೈ ಉಪನಗರ ಬೋರಿವಲಿಯ ಏಕಸರದಲ್ಲಿರುವ ವೀರಗಲ್ಲುಗಳನ್ನು ಇತಿಹಾಸಕಾರರು ಬಹುಮಟ್ಟಿಗೆ ಅವುಗಳ ನೌಕಾಯುದ್ಧದ ಶಿಲ್ಪಗಳಿಗಾಗಿ ಸ್ಮರಿಸಿದ್ದಾರೆ. ಇವು 11ನೆಯ ಶತಮಾನದವೆಂದು ಒಂದು ಮತ. ಯಾದವ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ 1265ರ ಸುಮಾರಿಗೆ ನಡೆದ ಕಾಳಗದ ಸ್ಮಾರಕಗಳೆಂದು ಇನ್ನೊಂದು ಮತ. ಈ ಚರ್ಚೆಯನ್ನು ಬದಿಗಿರಿಸಿ, ಆ ಶಿಲ್ಪಗಳ ಬಿಲ್ಲಾಳಿನ ಬಾಣವು ಹೇಗೆ ಸಿದ್ಧವಾಗುತ್ತಿದ್ದಿರಬೇಕೆಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷನ ಕಾಲದ ಶಾಸನಗಳು ಅದೇ ಬೋರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಲ್ಲಿವೆ. ಆದುದರಿಂದ ಕನ್ನಡ ಕಾವ್ಯಗಳ ಆಯುಧಪರಿಭಾಷೆಯನ್ನು ಈ ಕಲ್ಲುಗಳ ಜೊತೆಗಿರಿಸಿ ನೋಡುವುದು ಅಸಂಗತವಾಗದು. ಬಾಣಕ್ಕೆ ಅಂಬು, ಕಣೆ, ಸರಳು, ಕೋಲು ಎಂಬ ಪದಗಳಿವೆ. ಸಂಪಾದಕರು ಇವನ್ನು ಪರ್ಯಾಯಗಳೆಂದು ಕೈಬಿಡುವುದುಂಟು. ಆದರೆ ಕೋಲು ಮೂಲತಃ ಕಡ್ಡಿ. ಸರಳು ಇಂದಿಗೂ ಕಿಟಕಿಯ ಕಂಬಿ. ಕಣೆಯ ಪಕ್ಕದಲ್ಲೇ ಬಿದಿರಿನ ಗಳುವಾದ ಗಣೆ ನಿಂತಿದೆ. ಅರ್ಥಶಾಸ್ತ್ರವೂ ಬಾಣಗಳನ್ನು ಎಣಿಸುವಾಗ ವೇಣುವನ್ನೂ ಶರವೆಂಬ ಜೊಂಡನ್ನೂ ಮೊದಲು ಹೇಳುತ್ತದೆ. ಪದಗಳು ಮೊನೆಯನ್ನಲ್ಲ, ಕಾಂಡವನ್ನು ನೆನೆಯುತ್ತವೆಯೆಂಬುದು ನಮ್ಮ ಗ್ರಹಿಕೆ.

ಕಾಂಡವನ್ನು ಕೋಲಾಗಿಸುವುದೇ ದೀರ್ಘವಾದ ಕೆಲಸ. ರಸ ಇಳಿದ ಋತುವಿನಲ್ಲಿ ನೇರವಾದ ಟಿಸಿಲುಗಳನ್ನು ಬೇಕಾದುದಕ್ಕಿಂತ ಉದ್ದವಾಗಿ ಕಡಿಯಬೇಕು, ಏಕೆಂದರೆ ತುದಿಗಳು ಒಣಗುವಾಗ ಸೀಳುತ್ತವೆ. ತೊಗಟೆಯನ್ನು ಉಳಿಸಿದರೆ ತೇವ ನಿಧಾನವಾಗಿ ಹೊರಟು ಬಿರುಕು ಕಡಿಮೆಯಾಗುತ್ತದೆ. ಕಂತೆಯಾಗಿ ಬಿಗಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಂದನ್ನೊಂದು ನೆಟ್ಟಗೆ ಹಿಡಿಯುತ್ತವೆ. ಅನಂತರ ಸೊಟ್ಟಾದ ಜಾಗವನ್ನು ಕೆಂಡದ ಮೇಲೆ ಕಾಯಿಸಿ, ಎದುರು ದಿಕ್ಕಿಗೆ ತುಸು ಹೆಚ್ಚಾಗಿಯೇ ಬಗ್ಗಿಸಿ, ತಣಿಯುವವರೆಗೆ ಹಿಡಿಯಬೇಕು. ಕಾವಿಗೆ ಮೆದುವಾದ ಮರ ತಣಿದಾಗ ಹೊಸ ರೂಪದಲ್ಲಿ ನಿಲ್ಲುತ್ತದೆ. ಬಿದಿರಿನಲ್ಲಿ ಗಿಣ್ಣುಗಳಿಗೇ ಹೆಚ್ಚು ಕಾವು ಬೇಕು. ತೇವ ತಗುಲಿದರೆ ಕೋಲು ಮತ್ತೆ ಬಾಗಬಹುದು. ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಅದರಲ್ಲೂ ಹಡಗಿನ ಮೇಲೆ, ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಾಗಿರಲಾರದು.

ಠಾಣೆಯ ಕಾಡುಗಳ ಕಾತಕರಿಗಳು ಬಿಲ್ಲುಬಾಣಗಳಿಂದ ಬೇಟೆಯಾಡುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ಅಪರಾಧವಾಯಿತು. ಬೇಟೆಗೆ ಅಂಟಿಕೊಂಡಿದ್ದ ಕೈಕಸುಬಿಗೂ ಅದರ ಮಾತುಗಳಿಗೂ ಆಶ್ರಯ ತಪ್ಪಿತು. ಕಾಯಿದೆಯ ಅಗತ್ಯವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಕೊಂಕಣದ ತೇವದಲ್ಲಿ ಮರದ ಕೋಲು ಉಳಿಯದು. ಏಕಸರದ ಕಲ್ಲೂ ಸವೆಯುತ್ತದೆ. ಹಿರಿಯರ ನೆನಪಿನಲ್ಲಿರುವ ಪದಗಳನ್ನು ಸಂಗ್ರಹಿಸಿ ಕನ್ನಡದ ಪದಗಳೊಡನೆ ಹೋಲಿಸುವ ಕೆಲಸವನ್ನು, ಹೊರನಾಡಿನಲ್ಲಿದ್ದು ಎರಡು ಭಾಷೆಗಳನ್ನು ಬಲ್ಲ ಸಂಶೋಧಕರೇ ಕೈಗೊಳ್ಳಬೇಕಾಗಿದೆ.