ಜಿಲ್ಲೆಯಿಂದ ಹಳ್ಳಿಗೆ ಇಳಿದ ಅಳತೆ

ಹಳ್ಳಿಯನ್ನು ಲೆಕ್ಕಕ್ಕೆ ಹಿಡಿಯುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ತರಿ, ಖುಷ್ಕಿ, ಬಾಗಾಯ್ತು ಎಂಬ ಜಮೀನಿನ ವಿಂಗಡಣೆ, ಕೆರೆಯ ಅಚ್ಚುಕಟ್ಟು, ಕಂದಾಯದ ಬಾಕಿ ಎಲ್ಲವೂ ಶಾನುಭೋಗರ ಕಡತದಲ್ಲಿ ಇರುತ್ತಿದ್ದವು. ಆದರೆ ಅದು ಹಳ್ಳಿಯಿಂದ ಸರ್ಕಾರಕ್ಕೆ ಬರಬೇಕಾದದ್ದರ ಲೆಕ್ಕ. ಹಳ್ಳಿಗೆ ಏನು ಸಂದಿದೆ, ಅಲ್ಲಿನವರ ಬದುಕು ಎಷ್ಟು ಹಸನಾಗಿದೆ ಎಂಬುದನ್ನು ಬರೆದಿಡುವ ಪದ್ಧತಿ ಬೇರೂರಿದ್ದು ಸ್ವಾತಂತ್ರ್ಯ ಬಂದ ಮೇಲೆ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಫಲವನ್ನು ಪರಿಶೀಲಿಸಲು ಯೋಜನಾ ಆಯೋಗ ಅದೇ ತಿಂಗಳು ಒಂದು ಮೌಲ್ಯಮಾಪನ ಸಂಸ್ಥೆಯನ್ನೂ ತೆರೆಯಿತು. ಬ್ಲಾಕ್ ಕಚೇರಿಗಳಿಂದ ಮೇಲಕ್ಕೆ ಹೋಗುತ್ತಿದ್ದ ವರದಿಗಳಲ್ಲಿ ಮಾತ್ರ ಬಾವಿ ಎಷ್ಟು, ಗೊಬ್ಬರದ ಗುಂಡಿ ಎಷ್ಟು, ರಸ್ತೆ ಎಷ್ಟು ಮೈಲಿ ಎಂಬ ಗುರಿ–ಸಾಧನೆಯ ಅಂಕಿಗಳೇ ಹೆಚ್ಚು. ಜನಗಣತಿಯ ಜಿಲ್ಲಾ ಕೈಪಿಡಿಗಳು ಪ್ರತಿ ಗ್ರಾಮದ ಹೆಸರಿನ ಮುಂದೆ ಶಾಲೆ, ಅಂಚೆ ಕಚೇರಿ, ಕುಡಿಯುವ ನೀರು ಇದೆಯೇ ಇಲ್ಲವೇ ಎಂದು ನಮೂದಿಸಿದವು. ಶಾಲೆ ಇದೆ ಎಂದಮಾತ್ರಕ್ಕೆ ಮೇಷ್ಟ್ರು ದಿನವೂ ಬರುತ್ತಾರೆ ಎಂದೇನೂ ಅಲ್ಲವಲ್ಲ!

ಹಲವು ಅಂಶಗಳನ್ನು ಕೂಡಿಸಿ ಒಂದೇ ಸಂಖ್ಯೆಯಲ್ಲಿ ಹೇಳುವ ಸೂಚ್ಯಂಕದ ಕ್ರಮಕ್ಕೆ ಜಗತ್ತಿನಾದ್ಯಂತ ಬಲ ಬಂದದ್ದು 1990ರಲ್ಲಿ, ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿಯಿಂದ. ಕರ್ನಾಟಕ ತನ್ನದೇ ವರದಿಯನ್ನು 1999ರಲ್ಲಿ ಹೊರತಂದಿತು. ಅಲ್ಲಿ ಅಳತೆಯ ಘಟಕ ಜಿಲ್ಲೆ. ಜಿಲ್ಲೆಯ ಸರಾಸರಿ ಎಂದರೆ ಪೇಟೆಯ ಏಳಿಗೆಯಲ್ಲಿ ದೂರದ ಹೋಬಳಿಯ ಬಡತನ ಮುಚ್ಚಿಹೋಗುತ್ತದೆ.

ಈ ಕೊರತೆಯನ್ನು ನೀಗಲು ಗಟ್ಟಿಯಾಗಿ ಪ್ರಯತ್ನಿಸಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ. ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದು ರಚನೆಯಾದ ಈ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಉದ್ಯಮ ಮತ್ತು ಹಣಕಾಸು, ಮೂಲಸೌಕರ್ಯ, ಸಾಮಾಜಿಕ ಸೌಲಭ್ಯ, ಜನಸಂಖ್ಯೆಯ ಲಕ್ಷಣ – ಹೀಗೆ ಐದು ವಲಯಗಳ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನೂ ತೂಗಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗಿದ್ದದ್ದು ಹಿಂದುಳಿದ ತಾಲ್ಲೂಕು. ಹಾಗೆ 114 ತಾಲ್ಲೂಕುಗಳು ಪಟ್ಟಿಗೆ ಸೇರಿದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೇ ಸೇರಿದ್ದವು. ಉತ್ತರದವರು ಬಹುಕಾಲದಿಂದ ಹೇಳುತ್ತಿದ್ದ ದೂರಿಗೆ ಅಂಕಿಯ ಆಧಾರ ಸಿಕ್ಕಿತು. ಆದರೆ ಅದೇ ಪಟ್ಟಿಯಲ್ಲಿ ಬೆಂಗಳೂರು ವಿಭಾಗದ 11 ತಾಲ್ಲೂಕುಗಳೂ ಇದ್ದವು; ಹಿಂದುಳಿದಿರುವಿಕೆ ಉತ್ತರದ ಸ್ವತ್ತು ಮಾತ್ರವಲ್ಲ ಎಂಬ ಈ ಭಾಗ ರಾಜಕೀಯ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರಲಿಲ್ಲ. ಮುಂದೆ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಹರಿದದ್ದು ಈ ವಿಂಗಡಣೆಯ ಆಧಾರದ ಮೇಲೆಯೇ. ನಾಡಿನಲ್ಲಿ ಒಂದು ಸೂಚ್ಯಂಕ ಬಜೆಟ್ಟಿನ ದಿಕ್ಕನ್ನು ಇಷ್ಟರಮಟ್ಟಿಗೆ ತಿದ್ದಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ತಾಲ್ಲೂಕಿಗಿಂತ ಕೆಳಗಿನ ಹಂತ ಪಂಚಾಯಿತಿ. ಸಂವಿಧಾನದ 73ನೇ ತಿದ್ದುಪಡಿ 29 ವಿಷಯಗಳನ್ನು ಪಂಚಾಯಿತಿಗಳಿಗೆ ವಹಿಸಲು ದಾರಿ ಮಾಡಿಕೊಟ್ಟಿತು. 1993ರ ಪಂಚಾಯತ್ ರಾಜ್ ಕಾಯ್ದೆ ಕರ್ನಾಟಕದಲ್ಲಿ ಈಗಿನ ಗ್ರಾಮ ಪಂಚಾಯಿತಿಗಳನ್ನು ತಂದಿತು. ಅವುಗಳ ಕೆಲಸವನ್ನು ಅಳೆಯಲು ಮೊದಲು ಬಂದವು ಪ್ರಶಸ್ತಿಗಳು. ಬಯಲು ಶೌಚ ಬಿಟ್ಟ ಊರುಗಳಿಗೆ ಕೇಂದ್ರದ ನಿರ್ಮಲ ಗ್ರಾಮ ಪುರಸ್ಕಾರ ಅಂಥದ್ದೊಂದು. ಫಲಕ ಬಂದ ಮೇಲೆ ಎಷ್ಟೋ ಕಡೆ ಶೌಚಾಲಯಗಳಲ್ಲಿ ಸೌದೆ, ಬೆರಣಿ ತುಂಬಿಕೊಂಡವು. ಕಟ್ಟಿದ್ದನ್ನು ಎಣಿಸಿದ್ದರು, ಬಳಕೆಯನ್ನು ಎಣಿಸಿರಲಿಲ್ಲ. 2017ರಲ್ಲಿ ಆರಂಭವಾದ ಮಿಷನ್ ಅಂತ್ಯೋದಯ ಪಂಚಾಯಿತಿಗಳ ಸಮೀಕ್ಷೆ ನಡೆಸಿ ಅಂಕ ಕೊಡತೊಡಗಿತು.

ಆ ಸಾಲಿನಲ್ಲಿ ಈಚಿನದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಪಂಚಾಯಿತಿ ಪ್ರಗತಿ ಸೂಚ್ಯಂಕ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಇದು ಬಡತನ ಮುಕ್ತಿ, ಆರೋಗ್ಯ, ಮಕ್ಕಳ ಸ್ನೇಹಿ ಗ್ರಾಮ, ನೀರು, ಸ್ವಚ್ಛತೆ, ಮೂಲಸೌಕರ್ಯ, ಸಾಮಾಜಿಕ ಭದ್ರತೆ, ಉತ್ತಮ ಆಡಳಿತ, ಮಹಿಳಾ ಸ್ನೇಹಿ ಗ್ರಾಮ ಎಂಬ 9 ವಿಷಯಗಳಿಗೆ ಇಳಿಸಿಕೊಂಡಿದೆ. ಮೊದಲ ಆವೃತ್ತಿಯಲ್ಲಿ ಸೂಚಕಗಳು 435 ಇದ್ದವು. ಲಸಿಕೆಯ ವಿವರ ಆರೋಗ್ಯ ಇಲಾಖೆಯಿಂದ, ಮಕ್ಕಳ ತೂಕ ಅಂಗನವಾಡಿಯಿಂದ, ಹಾಜರಾತಿ ಶಾಲೆಯಿಂದ ಬರಬೇಕು. ಎಲ್ಲವನ್ನೂ ಬೆನ್ನುಹತ್ತಿ ತರಿಸಿ ಪೋರ್ಟಲ್‌ಗೆ ಏರಿಸುವ ಹೊಣೆ ಕೊನೆಗೆ ಬೀಳುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಾಗೂ ಡಾಟಾ ಎಂಟ್ರಿ ಆಪರೇಟರ್ ಹೆಗಲಿಗೆ. ಒಂದು ಇಲಾಖೆ ಕಾಲಂ ಖಾಲಿ ಬಿಟ್ಟರೂ ಅಂಕ ಹೋಗುವುದು ಪಂಚಾಯಿತಿಯದು.

2022–23ರ ಮಾಹಿತಿ ಆಧರಿಸಿದ ಮೊದಲ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಹೊರಬಿತ್ತು. ಲೆಕ್ಕಕ್ಕೆ ಬಂದ 2,16,285 ಪಂಚಾಯಿತಿಗಳಲ್ಲಿ 75 ಅಂಕ ದಾಟಿದವು 699 ಮಾತ್ರ, ಅವುಗಳಲ್ಲಿ 346 ಗುಜರಾತಿನವು, 270 ತೆಲಂಗಾಣದವು. 1,32,392 ಪಂಚಾಯಿತಿಗಳು 40ರಿಂದ 60ರ ನಡುವೆ ನಿಂತವು. 90 ಮುಟ್ಟಿದ್ದು ಒಂದೂ ಇಲ್ಲ. ಎಲ್ಲರಿಗೂ ಉದಾರವಾಗಿ ಅಂಕ ಹಂಚುವ ಸರ್ಕಾರಿ ರೂಢಿಗೆ ಇದು ಹೊರತು. ಆ ಮಟ್ಟಿಗೆ ಈ ಪಟ್ಟಿ ನಂಬುವಂಥದ್ದು.

ಜಿಲ್ಲೆಯ ಸರಾಸರಿ ತಾಲ್ಲೂಕನ್ನು ಮರೆಮಾಡಿತ್ತು, ತಾಲ್ಲೂಕಿನದು ಹಳ್ಳಿಯನ್ನು. ಕರ್ನಾಟಕದ ಒಂದು ಗ್ರಾಮ ಪಂಚಾಯಿತಿ ಎಂದರೂ ಸಾಮಾನ್ಯವಾಗಿ ಹಲವು ಊರುಗಳ ಗುಂಪು. ಅದರೊಳಗೆ ಹಟ್ಟಿ, ತಾಂಡಾ, ಹಾಡಿ, ಕೇರಿಗಳೂ ಇರುತ್ತವೆ. ಕೇಂದ್ರಸ್ಥಾನದ ಊರಿಗೆ ನಲ್ಲಿ ಬಂದು ತಾಂಡಾಕ್ಕೆ ಟ್ಯಾಂಕರೇ ಗತಿಯಾಗಿರಬಹುದು. ಈಗಿನ ಸೂಚ್ಯಂಕ ಅಂಕ ಕೊಡುವುದು ಪಂಚಾಯಿತಿಗೆ. ತಾಂಡಾಕ್ಕೆ ಅದರಲ್ಲಿ ಬೇರೆ ಅಂಕವಿಲ್ಲ.