ಎಡಿಸಿಸಿ ವಿಶ್ವ ಸಬ್‌ಮಿಷನ್ ಕುಸ್ತಿ ಚಾಂಪಿಯನ್‌ಷಿಪ್

ಬೇರೆ ಬೇರೆ ಸಂಪ್ರದಾಯಗಳಲ್ಲಿ ಪಳಗಿದ ಕುಸ್ತಿಪಟುಗಳು ಒಂದೇ ನಿಯಮಾವಳಿಗೆ ಒಳಪಟ್ಟು ಸೆಣಸುವ ಅಂತರರಾಷ್ಟ್ರೀಯ ಪಂದ್ಯಾವಳಿ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಬುಧಾಬಿ ಕಾಂಬ್ಯಾಟ್ ಕ್ಲಬ್ ಇದನ್ನು 1998ರಲ್ಲಿ ಆರಂಭಿಸಿತು; ಎಡಿಸಿಸಿ ಎಂಬುದು ಆ ಕ್ಲಬ್ಬಿನ ಹೆಸರಿನ ಸಂಕ್ಷೇಪ. ಬ್ರೆಜಿಲಿಯನ್ ಜಿಯು-ಜಿಟ್ಸು, ಜೂಡೊ, ರಷ್ಯದ ಸಾಂಬೊ, ಫ್ರೀಸ್ಟೈಲ್ ಕುಸ್ತಿ, ಬ್ರೆಜಿಲಿನದೇ ಆದ ಲೂಟಾ ಲಿವ್ರೆ, ಜಪಾನಿನ ಶೂಟ್ ಕುಸ್ತಿ ಮೊದಲಾದ ಶೈಲಿಗಳವರು ಇದರಲ್ಲಿ ಭಾಗವಹಿಸಿದ್ದಾರೆ. ಗುದ್ದುವುದು, ಒದೆಯುವುದು ನಿಷಿದ್ಧ. ಕೀಲಿಗೆ ಹಾಕಿದ ಪಟ್ಟಿನಿಂದಾಗಲಿ, ಕುತ್ತಿಗೆ ಬಿಗಿದಾಗಲಿ ಎದುರಾಳಿ ಕೈತಟ್ಟಿ ಸೋಲೊಪ್ಪುವಂತೆ ಮಾಡುವುದೇ ಇಲ್ಲಿಯ ಪರಮ ಗೆಲುವು. ಅದು ಆಗದಿದ್ದರೆ ಅಂಕಗಳ ಲೆಕ್ಕ.

ಹಿನ್ನೆಲೆ

ಜಪಾನಿನ ಜೂಡೊಪಟು ಮಿತ್ಸುಯೊ ಮಾಯೆಡಾ 1914ರಲ್ಲಿ ಬ್ರೆಜಿಲಿಗೆ ಬಂದು, ಮುಂದೆ ಬೆಲೆಂ ನಗರದಲ್ಲಿ ಕಾರ್ಲೋಸ್ ಗ್ರೇಸಿಗೆ ವಿದ್ಯೆ ಕಲಿಸಿದರೆಂಬುದು ಪ್ರಚಲಿತ ಕಥನ. ಇದರ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲವಾದರೂ ಗ್ರೇಸಿ ಮನೆತನವು ಈ ವಿದ್ಯೆಯನ್ನು ನೆಲದ ಮೇಲಿನ ಹೋರಾಟದ ಕಡೆಗೆ ಬೆಳೆಸಿತೆಂಬುದರಲ್ಲಿ ಸಂಶಯವಿಲ್ಲ. 1951ರಲ್ಲಿ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ ಅವರು ಆ ಮನೆತನದ ಹೆಲಿಯೊ ಗ್ರೇಸಿಯ ತೋಳಿಗೆ ಹಾಕಿದ ಪಟ್ಟಿಗೆ ಇಂದಿಗೂ ಕಿಮುರಾ ಎಂಬ ಹೆಸರೇ ಇದೆ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಶೈಲಿಗಳವರು ಹೊಡೆದಾಟಕ್ಕಿಳಿಯುವ ಯುಎಫ್‌ಸಿಯ ಮೊದಲ ಪಂದ್ಯಾವಳಿಯಲ್ಲಿ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಗೆದ್ದ ಮೇಲೆ ಈ ಶೈಲಿ ಬ್ರೆಜಿಲಿನ ಹೊರಗೂ ಮನೆಮಾತಾಯಿತು.

ಆ ಪಂದ್ಯಗಳಿಂದ ಪ್ರಭಾವಿತರಾದವರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಶೇಖ್ ತಹ್ನೂನ್ ಬಿನ್ ಜಾಯೆದ್ ಅಲ್ ನಹ್ಯಾನ್ ಒಬ್ಬರು. ಇವರು ಎಮಿರೇಟ್ಸ್‌ನ ಸ್ಥಾಪಕ ಅಧ್ಯಕ್ಷ ಶೇಖ್ ಜಾಯೆದ್ ಅವರ ಮಗ. 2016ರಲ್ಲಿ ಆ ದೇಶದ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಅಮೆರಿಕದಲ್ಲಿ ಓದುತ್ತಿದ್ದಾಗ ಅವರು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಪ್ರದೇಶದಲ್ಲಿ ನೆಲ್ಸನ್ ಮೊಂತೇರೊ ಎಂಬ ಬ್ರೆಜಿಲಿಯನ್ ಶಿಕ್ಷಕರಲ್ಲಿ ಕಲಿತರು. ತಾವು ರಾಜಕುಮಾರರೆಂಬುದನ್ನು ಅಲ್ಲಿ ಬಹುಕಾಲ ಹೇಳಿಕೊಂಡಿರಲಿಲ್ಲ ಎನ್ನಲಾಗುತ್ತದೆ. ಸ್ವದೇಶಕ್ಕೆ ಮರಳಿದ ಮೇಲೆ ಕ್ಲಬ್ ಕಟ್ಟಿ ಹಲವು ಶೈಲಿಗಳ ತರಬೇತುದಾರರನ್ನು ಒಂದೆಡೆ ಕರೆಸಿದರು. ಮೊದಲ ಪಂದ್ಯಾವಳಿ 1998ರ ಮಾರ್ಚಿನಲ್ಲಿ ಅಬುಧಾಬಿಯಲ್ಲೇ ನಡೆಯಿತು.

ಮೊದಲ ದಶಕ

1998ರಿಂದ 2001ರವರೆಗೆ ಪ್ರತಿವರ್ಷ ಅಬುಧಾಬಿಯಲ್ಲಿ ನಡೆದ ಪಂದ್ಯಾವಳಿಗಳೇ ಶೈಲಿಗಳ ನಿಜವಾದ ಮುಖಾಮುಖಿ. ಯಾರಿಗೂ ಎದುರಾಳಿಯ ವಿದ್ಯೆ ಪೂರ್ತಿ ತಿಳಿದಿರಲಿಲ್ಲ. ಮೊದಲ ವರ್ಷ ತೂಕದ ಮಿತಿಯಿಲ್ಲದ ಮುಕ್ತ ವಿಭಾಗವನ್ನು ಬ್ರೆಜಿಲಿನ ಮಾರಿಯೊ ಸ್ಪೆರಿ ಗೆದ್ದರು. 2000ರಲ್ಲಿ ಅದೇ ವಿಭಾಗ ಅಮೆರಿಕದ ಮಾರ್ಕ್ ಕೆರ್ ಪಾಲಾಯಿತು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪರವಾಗಿ 1992ರಲ್ಲಿ ರಾಷ್ಟ್ರೀಯ ಕಾಲೇಜು ಕುಸ್ತಿ ಪ್ರಶಸ್ತಿ ಗೆದ್ದಿದ್ದ ಕೆರ್, ಎದುರಾಳಿಯನ್ನು ಕೆಡವಿ ಮೇಲೆಯೇ ಉಳಿಯುವ ಕಲೆಯಿಂದಲೇ ಜಿಯು-ಜಿಟ್ಸು ನಿಪುಣರನ್ನು ಹಿಮ್ಮೆಟ್ಟಿಸಿದರು. 2001ರಲ್ಲಿ ಇಬ್ಬರು ವಿಜೇತರ ನಡುವೆ ಪ್ರತ್ಯೇಕವಾಗಿ ಏರ್ಪಡಿಸಿದ ವಿಶೇಷ ಪಂದ್ಯದಲ್ಲಿ ಸ್ಪೆರಿಯವರನ್ನೂ ಸೋಲಿಸಿದರು. ಅದೇ ವರ್ಷ 88 ಕಿಲೋ ವಿಭಾಗದಲ್ಲಿ ಜಪಾನಿನ ಸಾನೆ ಕಿಕುಟಾ ಗೆದ್ದರು. ಇತ್ತ 66 ಕಿಲೋ ವಿಭಾಗವನ್ನು 1999ರಿಂದ 2001ರವರೆಗೆ ಹೆಲಿಯೊ ಅವರ ಇನ್ನೊಬ್ಬ ಮಗ ರಾಯ್ಲರ್ ಗ್ರೇಸಿ ಬಿಟ್ಟುಕೊಡಲಿಲ್ಲ.

2003ರಿಂದ ಪಂದ್ಯಾವಳಿ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶಗಳಲ್ಲಿ ನಡೆಯತೊಡಗಿತು. ಆ ವರ್ಷದ ಸಾವೊ ಪಾಲೊ ಕೂಟ ಇಡೀ ಪಂದ್ಯಾವಳಿಯ ಇತಿಹಾಸದಲ್ಲೇ ಹೆಚ್ಚು ಚರ್ಚೆಗೊಳಗಾದದ್ದು. ಅಮೆರಿಕದ ಎಡ್ಡಿ ಬ್ರಾವೊ ಕ್ವಾರ್ಟರ್‌ಫೈನಲ್‌ನಲ್ಲಿ ರಾಯ್ಲರ್ ಗ್ರೇಸಿಯನ್ನು ಕಾಲುಗಳ ತ್ರಿಕೋನದಲ್ಲಿ ಕುತ್ತಿಗೆ ಬಿಗಿದು ಸೋಲಿಸಿದರು. ಬ್ರಾವೊ ಮುಂದಿನ ಸುತ್ತಿನಲ್ಲೇ ಸೋತರೂ ಆ ಒಂದು ಗೆಲುವಿನ ಮೇಲೆ ತಮ್ಮದೇ ಶಾಲೆ ಬೆಳೆಸಿದರು. ಅದೇ ಕೂಟಕ್ಕೆ ಬದಲಿ ಆಟಗಾರನಾಗಿ ಬಂದ ಮಾರ್ಸೆಲೊ ಗಾರ್ಸಿಯಾ 77 ಕಿಲೋ ವಿಭಾಗ ಗೆದ್ದರು. ಮುಂದೆ 2005, 2007 ಮತ್ತು 2011ರಲ್ಲೂ ಗೆದ್ದರು. 2005ರಲ್ಲಿ ರಾಜರ್ ಗ್ರೇಸಿ ತಮ್ಮ ತೂಕದ ವಿಭಾಗ, ಮುಕ್ತ ವಿಭಾಗ ಎರಡನ್ನೂ ಗೆದ್ದದ್ದು ಎಂಟು ಪಂದ್ಯಗಳಲ್ಲಿ. ಎಂಟರಲ್ಲೂ ಎದುರಾಳಿಗಳು ಶರಣಾದರು. ಆನಂತರದ ಕೂಟಗಳು ಬಾರ್ಸಿಲೋನಾ (2009), ನಾಟಿಂಗ್‌ಹ್ಯಾಮ್ (2011), ಬೀಜಿಂಗ್ (2013), ಫಿನ್ಲೆಂಡಿನ ಎಸ್ಪೊ (2017), ಅನಹೈಮ್ (2019) ಮೊದಲಾದೆಡೆ ನಡೆದವು.

ನಿಯಮಗಳು

ಪಂದ್ಯಾವಳಿಯ ನಿಜವಾದ ಕೊಡುಗೆ ಅದರ ನಿಯಮಾವಳಿ ಎನ್ನಬಹುದು. ಒಂದು ಶೈಲಿಯಲ್ಲಿ ಸೋಲು ಎನಿಸಿದ್ದು ಇನ್ನೊಂದರಲ್ಲಿ ದಾಳಿಯ ಆರಂಭ. ಮೈಸೂರು ಸೀಮೆಯ ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದವನ ಪಂದ್ಯ ಅಲ್ಲಿಗೆ ಮುಗಿಯಿತು; ಫ್ರೀಸ್ಟೈಲ್‌ನಲ್ಲಿ ಎರಡೂ ಭುಜ ನೆಲಕ್ಕೆ ಒತ್ತಿಹೋದರೂ ಅಷ್ಟೇ. ಜಿಯು-ಜಿಟ್ಸು ಕಲಿತವನು ಮಾತ್ರ ತಾನಾಗಿ ಬೆನ್ನ ಮೇಲೆ ಮಲಗಿ, ಎದುರಾಳಿಯನ್ನು ಕಾಲುಗಳ ನಡುವೆ ಸಿಲುಕಿಸಿಕೊಂಡು ಅಲ್ಲಿಂದಲೇ ಪಟ್ಟು ಹಾಕುತ್ತಾನೆ. ಈ ಭಂಗಿಯೇ ಗಾರ್ಡ್. ಜೂಡೊದಲ್ಲಿ ಒಂದು ಶುದ್ಧ ಎತ್ತೊಗೆತಕ್ಕೆ ಪಂದ್ಯವೇ ಸಿಗುತ್ತದೆ. ಜಿಯು-ಜಿಟ್ಸುವಿನಲ್ಲಿ ಅದಕ್ಕೆ ಸಿಗುವುದು ಎರಡು ಅಂಕ. ಸಾಂಬೊದವರು ಕಾಲಿನ ಕೀಲುಗಳಿಗೆ ಪಟ್ಟು ಹಾಕುತ್ತಾರೆ, ಕತ್ತು ಬಿಗಿಯುವುದು ಅವರ ಕ್ರೀಡಾ ನಿಯಮದಲ್ಲಿಲ್ಲ. ಇಷ್ಟೂ ಮಂದಿಗೆ ಒಪ್ಪಿಗೆಯಾಗುವ ಒಂದೇ ಲೆಕ್ಕ ಬೇಕಿತ್ತು.

ಇದಕ್ಕೆ ಸಿಕ್ಕ ಮೊದಲ ಉತ್ತರ ಪಂದ್ಯದ ಅವಧಿಯನ್ನೇ ಎರಡಾಗಿ ಸೀಳಿದ್ದು. ಬಹುಕಾಲ ನಡೆದುಬಂದ ಕ್ರಮದಂತೆ ಆರಂಭಿಕ ಸುತ್ತುಗಳ ಪಂದ್ಯ 10 ನಿಮಿಷ, ಫೈನಲ್ 20 ನಿಮಿಷ. ಎರಡರಲ್ಲೂ ಮೊದಲರ್ಧದಲ್ಲಿ ಅಂಕಗಳೇ ಇಲ್ಲ. ಆ ಅವಧಿಯಲ್ಲಿ ಕೆಳಗೆ ಬಿದ್ದರೂ ನಷ್ಟವಿಲ್ಲದ ಕಾರಣ ಅಪಾಯಕಾರಿ ಪಟ್ಟುಗಳಿಗೆ ಧೈರ್ಯವಾಗಿ ಕೈಹಾಕಬಹುದು. ಇದು ಜಿಯು-ಜಿಟ್ಸು ಬಲ್ಲವರಿಗೆ ಒಪ್ಪುವ ಕಾಲ. ಅಂಕದ ಗಡಿಯಾರ ತೆರೆದುಕೊಂಡ ಕ್ಷಣ ತಕ್ಕಡಿ ಕುಸ್ತಿಯವರ ಕಡೆಗೆ ವಾಲುತ್ತದೆ. ಎದುರಾಳಿಯನ್ನು ಕೆಡವಿ ಅವನ ಗಾರ್ಡಿನೊಳಗೆ ಇಳಿದರೆ 2 ಅಂಕ. ಗಾರ್ಡನ್ನೂ ದಾಟಿ ಶುದ್ಧವಾಗಿ ಕೆಡವಿದರೆ 4. ಕೆಳಗಿದ್ದವನು ಮಗುಚಿ ಮೇಲೆ ಬಂದರೂ ಇದೇ ಲೆಕ್ಕ. ಗಾರ್ಡ್ ದಾಟಿದರೆ 3, ಎದೆಯ ಮೇಲೆ ಏರಿ ಕೂತರೆ 2, ಹೊಟ್ಟೆಯ ಮೇಲೆ ಮಂಡಿ ಊರಿದರೆ 2. ಬೆನ್ನಿಗೆ ಹತ್ತಿ ಎರಡೂ ಕಾಲುಗಳನ್ನು ಕೊಕ್ಕೆಯಂತೆ ಸಿಲುಕಿಸಿದರೆ 3. ಸ್ಥಾನವನ್ನು ಮೂರು ಸೆಕೆಂಡು ಹಿಡಿದಿಟ್ಟರೆ ಮಾತ್ರ ಅಂಕ ದಕ್ಕುತ್ತದೆ.

ಮೈನಸ್ ಅಂಕ ಇದಕ್ಕಿಂತ ಸೂಕ್ಷ್ಮವಾದದ್ದು. ಅಂಕದ ಅವಧಿಯಲ್ಲಿ ಯಾರಾದರೂ ತಾನಾಗಿ ಕುಳಿತು ಗಾರ್ಡಿಗೆ ಇಳಿದರೆ, ಇಲ್ಲವೇ ಸುಮ್ಮನೆ ಕಾಲಹರಣ ಮಾಡಿದರೆ ಒಂದು ಅಂಕ ಕಳೆಯುತ್ತದೆ. ಎರಡೂ ಕಡೆ ಸೊನ್ನೆ ಇರುವ ಪಂದ್ಯಗಳು ಸಾಕಷ್ಟಿರುವುದರಿಂದ ಎಷ್ಟೋ ಫಲಿತಾಂಶಗಳನ್ನು ಈ ಒಂದಂಕವೇ ತೀರ್ಮಾನಿಸಿದೆ. ಶೈಲಿಗಳು ಬೆರೆತಾಗ ಕಾಲಹರಣದ ಕಾಟ ಹಳೆಯದು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಭಾರತದ ಗಾಮಾ ಪೈಲ್ವಾನರನ್ನು ಎದುರಿಸಿದ ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೊ, ಸುಮಾರು ಎರಡೂವರೆ ಗಂಟೆ ಚಾಪೆಗೆ ಹೊಟ್ಟೆ ಅಂಟಿಸಿ ಮಲಗಿಯೇ ಪಂದ್ಯವನ್ನು ಸಮಬಲಕ್ಕೆ ತಂದರು; ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ, ಪಂದ್ಯದ ಬಹುಮಾನವಾಗಿದ್ದ ಜಾನ್ ಬುಲ್ ಪಟ್ಟಿ ಗಾಮಾ ಪಾಲಾಯಿತು. ಅಂದಿನ ತೀರ್ಪುಗಾರರ ಕೈಯಲ್ಲಿ ಕಳೆಯುವ ಅಂಕವೊಂದಿದ್ದಿದ್ದರೆ ಗಾಮಾ ಮೊದಲ ದಿನವೇ ಗೆಲ್ಲುತ್ತಿದ್ದರೆನ್ನಲು ಅಡ್ಡಿಯಿಲ್ಲ.

ಪುರುಷರಿಗೆ 66, 77, 88, 99 ಮತ್ತು 99 ಕಿಲೋ ಮೀರಿದವರ ಐದು ವಿಭಾಗಗಳಿವೆ. ಪ್ರತಿಯೊಂದರಲ್ಲೂ 16 ಮಂದಿ. ಕೆಲವರು ವಲಯವಾರು ಅರ್ಹತಾ ಪಂದ್ಯ ಗೆದ್ದು ಬರುತ್ತಾರೆ, ಉಳಿದವರಿಗೆ ಆಹ್ವಾನ. ಹಿಂದಿನ ಕೂಟದ ಮುಕ್ತ ವಿಭಾಗದ ವಿಜೇತನಿಗೆ ವಿಶೇಷ ಪಂದ್ಯದ ಹಾಲಿ ವಿಜೇತನ ಜೊತೆ ಜೋಡಿ ಕಟ್ಟುವುದು ವಾಡಿಕೆ. ಬ್ರೆಜಿಲಿನ ಆಂದ್ರೆ ಗಾಲ್ವಾವೊ ಇಂಥ ನಾಲ್ಕು ಪಂದ್ಯಗಳನ್ನು 2013ರಿಂದ 2019ರವರೆಗೆ ಸತತವಾಗಿ ಗೆದ್ದರು.

ಕಾಲಿನ ಪಟ್ಟುಗಳು

ಹಿಮ್ಮಡಿ ತಿರುಚಿ ಮಂಡಿಗೆ ಪೆಟ್ಟು ಕೊಡುವ ಹೀಲ್ ಹುಕ್ ಬ್ರೆಜಿಲಿಯನ್ ಜಿಯು-ಜಿಟ್ಸು ಕೂಟಗಳಲ್ಲಿ ಬಹುಕಾಲ ನಿಷಿದ್ಧವಾಗಿತ್ತು. ಎಡಿಸಿಸಿ ಅದಕ್ಕೆ ಅವಕಾಶ ಕೊಟ್ಟಿದ್ದರೂ ಹೆಚ್ಚಿನವರು ಬಳಸುತ್ತಿರಲಿಲ್ಲ. 2003ರಲ್ಲಿ ಮುಕ್ತ ವಿಭಾಗವನ್ನೂ 2011ರಲ್ಲಿ 99 ಕಿಲೋ ವಿಭಾಗವನ್ನೂ ಗೆದ್ದ ಅಮೆರಿಕದ ಡೀನ್ ಲಿಸ್ಟರ್ ಇದಕ್ಕೆ ಅಪವಾದ. ಮಾನವ ದೇಹದ ಅರ್ಧಭಾಗವನ್ನೇ ಏಕೆ ಬಿಟ್ಟುಬಿಡಬೇಕೆಂಬ ಅವರ ಪ್ರಶ್ನೆ ನ್ಯೂಯಾರ್ಕಿನ ಗುರು ಜಾನ್ ಡ್ಯಾನಹರ್ ಅವರನ್ನು ಈ ಪಟ್ಟುಗಳ ವ್ಯವಸ್ಥಿತ ಅಧ್ಯಯನಕ್ಕೆ ಹಚ್ಚಿತೆನ್ನುತ್ತಾರೆ. ಡ್ಯಾನಹರ್ ಶಿಷ್ಯ ಗಾರ್ಡನ್ ರಯಾನ್ 2017ರಲ್ಲಿ 88 ಕಿಲೋ, 2019ರಲ್ಲಿ 99 ಕಿಲೋ ಮತ್ತು ಮುಕ್ತ ವಿಭಾಗಗಳನ್ನು ಗೆದ್ದರು. 2022ರಲ್ಲಿ 99 ಮೀರಿದವರ ವಿಭಾಗ ಗೆದ್ದುದಲ್ಲದೆ ವಿಶೇಷ ಪಂದ್ಯದಲ್ಲಿ ಗಾಲ್ವಾವೊ ಅವರನ್ನೂ ಮಣಿಸಿದರು.

2019ರ ಅನಹೈಮ್ ಕೂಟದಲ್ಲಿ ಆಸ್ಟ್ರೇಲಿಯದ ಲಾಕ್ಲನ್ ಗೈಲ್ಸ್ ತಮ್ಮ 77 ಕಿಲೋ ವಿಭಾಗದ ಮೊದಲ ಸುತ್ತಿನಲ್ಲೇ ಸೋತಿದ್ದರು. ಮುಕ್ತ ವಿಭಾಗದಲ್ಲಿ ತಮಗಿಂತ ಬಹಳ ಭಾರದ ಮೂವರನ್ನು ಹೀಲ್ ಹುಕ್‌ನಿಂದಲೇ ಸೋಲಿಸಿ ಕಂಚು ಗೆದ್ದರು. ಆ ಮೂವರಲ್ಲಿ ಒಬ್ಬರು ಆಗತಾನೇ 99 ಮೀರಿದವರ ವಿಭಾಗ ಗೆದ್ದಿದ್ದ ಕೈನನ್ ಡುವಾರ್ಟೆ. ಅದೇ ಕೂಟದಲ್ಲಿ ಕಾಲೇಜು ಕುಸ್ತಿಯಿಂದ ಬಂದು ಜಿಯು-ಜಿಟ್ಸು ಕಲಿತು ಎರಡು ವರ್ಷವೂ ತುಂಬದ ನಿಕ್ ರೊಡ್ರಿಗಸ್ ಬೆಳ್ಳಿ ಗೆದ್ದರು. ಶೈಲಿಗಳ ಮುಖಾಮುಖಿಯೆಂಬ ಮೂಲ ಉದ್ದೇಶ ಕೊನೆಯ ಬಾರಿ ಸ್ಪಷ್ಟವಾಗಿ ಕಂಡದ್ದು ಬಹುಶಃ ಇಲ್ಲಿಯೇ. ಇಂದಿನ ಸ್ಪರ್ಧಿಗಳು ಚಿಕ್ಕಂದಿನಿಂದಲೇ ಎಲ್ಲ ಶೈಲಿಗಳ ಪಟ್ಟುಗಳನ್ನೂ ಕಲಿತು ಬರುತ್ತಾರೆ. 2022ರಲ್ಲಿ 19ರ ಹರೆಯದ ಕೇಡ್ ರುವೊಟೊಲೊ ತಮ್ಮ ಎಲ್ಲ ಎದುರಾಳಿಗಳನ್ನೂ ಶರಣಾಗಿಸಿ 77 ಕಿಲೋ ವಿಭಾಗ ಗೆದ್ದ ರೀತಿಯಲ್ಲಿ ಯಾವ ಪಟ್ಟು ಯಾವ ಸಂಪ್ರದಾಯದ್ದೆಂದು ಬಿಡಿಸಿ ಹೇಳುವುದು ಕಷ್ಟ.

ಮಹಿಳೆಯರು

ಮಹಿಳೆಯರ ಸ್ಪರ್ಧೆ 2005ರಲ್ಲಿ ಸೇರ್ಪಡೆಯಾಯಿತು. ಕೈರಾ ಗ್ರೇಸಿ 2005, 2007, 2011ರಲ್ಲಿ ಗೆದ್ದರು. ಬಹುಕಾಲ 60 ಕಿಲೋ ಒಳಗಿನ ಮತ್ತು ಮೇಲಿನ ಎರಡೇ ವಿಭಾಗಗಳಿದ್ದವು. 2022ರಲ್ಲಿ ವೇಲ್ಸ್‌ನ ಫಿಯಾನ್ ಡೇವಿಸ್ 60 ಕಿಲೋ ಪ್ರಶಸ್ತಿ ಪಡೆದರು. 2024ರಲ್ಲಿ ತೂಕದ ವಿಭಾಗಗಳು ಮೂರಾದವು. ಆಸ್ಟ್ರೇಲಿಯದ ಅಡೆಲ್ ಫೋರ್ನರಿನೊ 55 ಕಿಲೋ ಮತ್ತು ಮುಕ್ತ ವಿಭಾಗ ಎರಡನ್ನೂ ಗೆದ್ದರು.

ಹಣದ ಪ್ರಶ್ನೆ

ಕೋವಿಡ್‌ನಿಂದ ಮುಂದೂಡಿದ ಕೂಟ 2022ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನ ಥಾಮಸ್ ಅಂಡ್ ಮ್ಯಾಕ್ ಸೆಂಟರಿನಲ್ಲಿ ತುಂಬಿದ ಪ್ರೇಕ್ಷಕರ ಮುಂದೆ ನಡೆಯಿತು. ಜನ ಹೆಚ್ಚಿದರೂ ಪುರುಷರ ತೂಕ ವಿಭಾಗದ ವಿಜೇತನಿಗೆ ಸಿಗುತ್ತಿದ್ದುದು 10,000 ಡಾಲರ್. ಎರಡು ಬಾರಿ ಬೆಳ್ಳಿ ಗೆದ್ದಿದ್ದ ಆಸ್ಟ್ರೇಲಿಯದ ಕ್ರೇಗ್ ಜೋನ್ಸ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿ, 2024ರ ಆಗಸ್ಟಿನಲ್ಲಿ ಎಡಿಸಿಸಿ ನಡೆದ ವಾರಾಂತ್ಯದಲ್ಲೇ, ಅದೇ ಊರಿನಲ್ಲಿ ಪ್ರತಿಸ್ಪರ್ಧಿ ಕೂಟವೊಂದನ್ನು ಏರ್ಪಡಿಸಿದರು. ಅಲ್ಲಿ ಎರಡು ವಿಭಾಗಗಳ ವಿಜೇತರಿಗೆ ತಲಾ 10 ಲಕ್ಷ ಡಾಲರ್ ಇತ್ತು. ಅವನ್ನು ಗೆದ್ದವರು ಕೇಡ್ ರುವೊಟೊಲೊ ಮತ್ತು ನಿಕ್ ರೊಡ್ರಿಗಸ್. ಕೇವಲ ಭಾಗವಹಿಸಿದ್ದಕ್ಕೆ ಪ್ರತಿಯೊಬ್ಬರಿಗೂ ಕೊಟ್ಟದ್ದು 10,001 ಡಾಲರ್.